ಮಳೆಗಾಲದಲ್ಲಿ ಕಚ್ಚಿಕೊಂಡ ಹಿಂಬಾಗಿಲು

ಪ್ರಶ್ನೆ: ನಮ್ಮದು 2003ನೇ ಇಸವಿಯ ಸಣ್ಣ ಕಾರು. ಆರಿದ್ರಾ ಮಳೆ ಹಿಡಿದಾಗಿನಿಂದ ಎಡಗಡೆಯ ಹಿಂದಿನ ಬಾಗಿಲು ತೆರೆಯುತ್ತಿಲ್ಲ. ಹೊರಗಿನ ಹ್ಯಾಂಡಲ್ ಎಳೆದರೆ ಸಡಿಲವಾಗಿ ಬರುತ್ತದೆ, ಒಳಗಿನದು ಅಲ್ಲಾಡುವುದೇ ಕಷ್ಟ. ಮಂಡಿನೋವಿನ ಅಮ್ಮ ಬಲಗಡೆಯಿಂದ ಹತ್ತಿ ಸರಿದು ಕೂರಬೇಕು. ಗ್ಯಾರೇಜಿನವರೊಬ್ಬರು ಬಾಗಿಲನ್ನೇ ಕೊಯ್ದು ತೆಗೆಯಬೇಕು ಎನ್ನುತ್ತಾರೆ. ಬೇರೆ ದಾರಿ ಇದೆಯೇ?
— ಓದುಗರು, ಕೋಣಂದೂರು

ಉತ್ತರ: ಇದೆ. ಕೊಯ್ಯಲು ಮಾತ್ರ ಬಿಡಬೇಡಿ. ಕೊಯ್ದ ತಗಡಿಗೆ ಎಷ್ಟೇ ಚೆನ್ನಾಗಿ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿದರೂ ನಮ್ಮ ಕಡೆಯ ಥಂಡಿಗೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ನೀವು ಬರೆದ ಎರಡು ಲಕ್ಷಣಗಳೇ ಸಾಕು. ಹೊರಗಿನ ಹ್ಯಾಂಡಲ್ ಸಡಿಲ ಎಂದರೆ ಅದರಿಂದ ಲಾಕ್‌ಗೆ ಹೋಗುವ ರಾಡ್ ಕಳಚಿರಬೇಕು, ಇಲ್ಲವೇ ಹ್ಯಾಂಡಲ್ಲೇ ಒಳಗೆ ಮುರಿದಿರಬೇಕು. ಒಳಗಿನದು ಬಿಗಿ ಎಂದರೆ ಹಳೇ ಗ್ರೀಸ್ ಗಟ್ಟಿಯಾಗಿ, ತುಕ್ಕೂ ಸೇರಿ ಲಾಕ್ ಕಚ್ಚಿಕೊಂಡಿದೆ. ಬಹುಮಟ್ಟಿಗೆ ಮೊದಲು ಲಾಕ್ ಬಿಗಿಯಾಗಿದೆ, ಆಮೇಲೆ ಯಾರೋ ಅವಸರದಲ್ಲಿ ಜೋರಾಗಿ ಎಳೆದಾಗ ರಾಡ್ ಹಿಡಿದಿದ್ದ ಪ್ಲಾಸ್ಟಿಕ್ ಕ್ಲಿಪ್ ಹೋಗಿದೆ.

ಮೊದಲು ಬಿಚ್ಚದೆ ಪ್ರಯತ್ನಿಸಿ. ಬಾಗಿಲಿನ ಸಂದಿಯಲ್ಲಿ, ಹ್ಯಾಂಡಲ್ ಎತ್ತರಕ್ಕೆ ಸರಿಯಾಗಿ, ತುಕ್ಕು ಬಿಡಿಸುವ ಸ್ಪ್ರೇಯ ಸಣ್ಣ ಕೊಳವೆ ತೂರಿಸಿ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಬ್ಬರು ಒಳಗೆ ಕೂತು ಲಾಕ್ ಗುಬ್ಬಿ ಮೇಲಕ್ಕೆತ್ತಿ ಹ್ಯಾಂಡಲ್ ಎಳೆಯಬೇಕು. ಅದೇ ಹೊತ್ತಿಗೆ ಇನ್ನೊಬ್ಬರು ಹೊರಗಿನಿಂದ ಬಾಗಿಲನ್ನು ಒಳಕ್ಕೆ ಒತ್ತಬೇಕು. ತೆರೆಯಬೇಕಾದ ಬಾಗಿಲನ್ನು ಒತ್ತುವುದೇಕೆ ಎಂದರೆ, ಸುತ್ತಲಿನ ರಬ್ಬರ್ ಬೀಡಿಂಗ್ ಬಾಗಿಲನ್ನು ಸದಾ ಹೊರಕ್ಕೆ ನೂಕುತ್ತಿರುತ್ತದೆ. ಆ ಭಾರವೆಲ್ಲ ಲಾಕ್‌ನ ಕೊಕ್ಕೆಯ ಮೇಲಿರುತ್ತದೆ. ಒತ್ತಿದಾಗ ಕೊಕ್ಕೆ ಹಗುರಾಗಿ ಜಾರುತ್ತದೆ. ಗುದ್ದುವುದು, ಸಂದಿಗೆ ಪಾರೆ ಹಾಕಿ ಮೀಟುವುದು ಬೇಡವೇ ಬೇಡ.

ಆಗಲಿಲ್ಲವೆಂದರೆ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಮೈ ಮುಚ್ಚುವ ಹಲಗೆ, ಬಿಚ್ಚಬೇಕು. ಗಾಜನ್ನು ಪೂರ್ತಿ ಮೇಲೇರಿಸಿಕೊಳ್ಳಿ, ಒಳಗೆ ಕೈ ಆಡಲು ಜಾಗ ಸಿಗುತ್ತದೆ. ಗಾಜಿನ ಹ್ಯಾಂಡಲ್ ಹಿಂದೆ ಒಂದು ತಂತಿ ಕ್ಲಿಪ್ ಇರುತ್ತದೆ. ಹ್ಯಾಂಡಲ್ ಮತ್ತು ಪ್ಯಾಡ್ ನಡುವೆ ಬಟ್ಟೆಯ ಪಟ್ಟಿ ತೂರಿಸಿ, ಮೊಸರು ಕಡೆಯುವ ಹಗ್ಗದ ಹಾಗೆ ಅತ್ತಿತ್ತ ಎಳೆದರೆ ಅದು ಸಿಡಿದು ಬರುತ್ತದೆ, ಇನ್ನೊಂದು ಕೈ ಅಡ್ಡ ಹಿಡಿದಿರಿ. ಕೈಯಾಸರೆಯ ಸ್ಕ್ರೂಗಳು, ಒಳಹ್ಯಾಂಡಲ್‌ನ ಸ್ಕ್ರೂ ತೆಗೆದ ಮೇಲೆ ಪ್ಯಾಡನ್ನು ಅಂಚಿನಿಂದ ನಿಧಾನ ಬಿಡಿಸಿ. ಮುಚ್ಚಿದ ಬಾಗಿಲಾದ್ದರಿಂದ ಕೆಳಮೂಲೆ ಸೀಟಿಗೆ ಸಿಕ್ಕಿಕೊಳ್ಳುತ್ತದೆ, ಹಿಂದಿನ ಸೀಟಿನ ಮೆತ್ತೆ ಎತ್ತಿಟ್ಟರೆ ಸಲೀಸು. ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿಯಬೇಡಿ. ಕೈಗೆ ಗ್ಲೌಸ್ ಇರಲಿ, ಒಳಗಿನ ತಗಡಿನ ಅಂಚು ಕತ್ತಿಯಷ್ಟೇ ಹರಿತ.

ಟಾರ್ಚ್ ಬಿಟ್ಟು ನೋಡಿದರೆ ಲಾಕ್‌ಗೆ ಬರುವ ರಾಡ್‌ಗಳು ಕಾಣುತ್ತವೆ: ಹೊರಹ್ಯಾಂಡಲ್‌ನದು, ಒಳಹ್ಯಾಂಡಲ್‌ನದು, ಲಾಕ್ ಗುಬ್ಬಿಯದು. ಹೊರಹ್ಯಾಂಡಲ್‌ನ ರಾಡ್ ಸೇರುವ ಸಣ್ಣ ಲಿವರ್‌ಗೆ ಸ್ಪ್ರೇ ಹೊಡೆದು ಬೆರಳಿನಿಂದಲೋ ಸ್ಕ್ರೂಡ್ರೈವರ್‌ನಿಂದಲೋ ಅದನ್ನು ಅಲ್ಲಾಡಿಸುತ್ತಾ ಹೋಗಿ. ಬಾಗಿಲು ಬಿಡುವುದು ಇಲ್ಲಿಂದಲೇ.

ತೆರೆದ ಖುಷಿಯಲ್ಲಿ ತಕ್ಷಣ ಮುಚ್ಚಬೇಡಿ, ಮತ್ತೆ ಕಚ್ಚಿಕೊಂಡೀತು. ಲಾಕನ್ನು ಸೀಮೆಎಣ್ಣೆ, ಬ್ರಷ್ ಹಾಕಿ ತೊಳೆದು ಒಣಗಿಸಿ, ಬಿಳಿ ಲೀಥಿಯಂ ಗ್ರೀಸ್ ಹಚ್ಚಿ. ಕೊಬ್ಬರಿ ಎಣ್ಣೆ, ಸುಟ್ಟ ಇಂಜಿನ್ ಆಯಿಲ್ ಬೇಡ, ಧೂಳು ಅಂಟಿ ಮೊದಲಿನ ಕಥೆಯೇ. ಹೊಸ ಕ್ಲಿಪ್ ಹಾಕಿ ರಾಡ್ ಸೇರಿಸಿ. ನಂತರ ಬಾಗಿಲು ತೆರೆದೇ ಇರುವಾಗ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿ, ಹ್ಯಾಂಡಲ್‌ನಿಂದ ಬಿಡಿಸಿ ನೋಡಿ. ಎರಡೂ ಹ್ಯಾಂಡಲ್‌ಗೆ ತಪ್ಪದೆ ಬಿಟ್ಟುಕೊಂಡರೆ ಮಾತ್ರ ಬಾಗಿಲು ಹಾಕಿ. ಒಳಗಿನ ಸ್ಪ್ರಿಂಗ್ ಹೋಗಿದ್ದರೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹಳೇ ಲಾಕ್ ವಿಚಾರಿಸಿ. ನಿಮ್ಮದನ್ನು ಬಿಚ್ಚಿ ಜೊತೆಗೇ ಒಯ್ಯಿರಿ, ಎಡಗಡೆಯದು ಬಲಗಡೆಗೆ ಹೊಂದುವುದಿಲ್ಲ.

ಇಷ್ಟು ಮಾಡಿ ಬಾಗಿಲಿನ ಕೆಳಗಂಚು ನೋಡದಿದ್ದರೆ ಮುಂದಿನ ವರ್ಷ ಮತ್ತೆ ಪತ್ರ ಬರೆಯುತ್ತೀರಿ. ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಕೆಳಗಿನ ಸಣ್ಣ ತೂತುಗಳಿಂದ ಅದು ಹೊರಹೋಗಬೇಕು. ನಮ್ಮಲ್ಲಿ ಕಾರು ಮರದಡಿಯೋ ಅಡಿಕೆ ಅಂಗಳದ ಅಂಚಿಗೋ ನಿಲ್ಲುವುದರಿಂದ ಕೆಮ್ಮಣ್ಣು, ಎಲೆಪುಡಿ ಸೇರಿ ತೂತು ಮುಚ್ಚುತ್ತದೆ. ನೀರು ನಿಂತು, ಅದರ ಪಸೆಗೇ ಲಾಕ್ ತುಕ್ಕು ಹಿಡಿಯುತ್ತದೆ. ಮೇ ತಿಂಗಳಲ್ಲೇ ಬಿದಿರು ಕಡ್ಡಿಯಿಂದ ಬಿಡಿಸಿಡಿ. ಕಬ್ಬಿಣದ ತಂತಿ ಬಣ್ಣ ಕೆರೆಯುತ್ತದೆ. ಪ್ಲಾಸ್ಟಿಕ್ ಹಾಳೆಯನ್ನೂ ಮೊದಲಿನಂತೆ ಅಂಟಿಸಿ, ಇಲ್ಲವಾದರೆ ನೀರು ಕಾರಿನೊಳಗೆ ಬರುತ್ತದೆ.

ರಿಪೇರಿಯಾಗುವವರೆಗೆ ಅಮ್ಮನನ್ನು ಬಲಗಡೆ ಬಾಗಿಲ ಪಕ್ಕದಲ್ಲೇ ಕೂರಿಸಿ. ಆಗುಂಬೆ, ಹುಲಿಕಲ್ ಘಾಟಿಯಲ್ಲಿ ಕಾರು ಚರಂಡಿಗೆ ಜಾರಿದರೆ ಮಂಡಿನೋವಿನವರು ಸೀಟು ದಾಟಿ ಬೇಗ ಇಳಿಯಲಾರರು. ಮಳೆಗಾಲ ಮುಗಿಯಲೆಂದು ಕಾಯಬೇಡಿ, ಈ ವಾರವೇ ಮಾಡಿಸಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ತಂದೆವು. ಹಿಂದಿನ ಬಾಗಿಲು ಹೊರಗಿನಿಂದ ತೆರೆಯುತ್ತದೆ, ಒಳಗಿನಿಂದ ಇಲ್ಲ.
— ಓದುಗರು, ಸಾಗರ

ಉತ್ತರ: ಮೊದಲು ಚೈಲ್ಡ್ ಲಾಕ್ ನೋಡಿ, ಮಕ್ಕಳು ಒಳಗಿನಿಂದ ಬಾಗಿಲು ತೆರೆಯದಂತೆ ತಡೆಯುವುದು ಅದು. ಬಾಗಿಲು ತೆರೆದರೆ ಅದರ ಅಂಚಿನಲ್ಲಿ, ಲಾಕ್ ಪಕ್ಕದಲ್ಲೇ ಸಣ್ಣ ಲಿವರ್ ಇರುತ್ತದೆ, ಅದನ್ನು ಇನ್ನೊಂದು ಬದಿಗೆ ಸರಿಸಿ. ಆಗಲೂ ಒಳಗಿನಿಂದ ತೆರೆಯದಿದ್ದರೆ ಒಳಹ್ಯಾಂಡಲ್‌ನ ರಾಡ್ ಕಳಚಿದೆಯೇ ಎಂದು ಪ್ಯಾಡ್ ಬಿಚ್ಚಿ ನೋಡಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಚೈಲ್ಡ್ ಲಾಕ್ ಹಾಕಿಯೇ ಇಡಿ.