ರೆಪ್ಪೆಯ ಗಂಟಿಗೆ ಇಂಜೆಕ್ಷನ್ ತೆಗೆದುಕೊಳ್ಳಬಹುದೆ?

ಪ್ರಶ್ನೆ: ನನಗೆ 44 ವರ್ಷ. ಎಡಗಣ್ಣಿನ ಕೆಳರೆಪ್ಪೆಯಲ್ಲಿ, ಮೂಗಿನ ಪಕ್ಕಕ್ಕೆ, ತೊಗರಿಕಾಳಿನಷ್ಟು ಗಂಟಾಗಿ ಮೂರು ತಿಂಗಳಾಯಿತು. ನೋವಿಲ್ಲ, ಶಾಖ ಕೊಟ್ಟರೂ ಕರಗಿಲ್ಲ. ಮೈಸೂರಿನ ಕಣ್ಣಿನ ಡಾಕ್ಟರು ಗಂಟಿಗೇ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತೇನೆ ಎಂದಿದ್ದಾರೆ. ನನಗೆ ಸಕ್ಕರೆ ಕಾಯಿಲೆಯಿದೆ. ಮನೆಯವರು ಕಣ್ಣಿಗೆ ಸೂಜಿ ಬೇಡವೇ ಬೇಡ ಎನ್ನುತ್ತಾರೆ.
– ಓದುಗರೊಬ್ಬರು, ಮಂಡ್ಯ

ಉತ್ತರ: ಸೂಜಿ ಹೋಗುವುದು ಗಂಟಿನೊಳಕ್ಕೇ ಹೊರತು ಕಣ್ಣುಗುಡ್ಡೆಗಲ್ಲ ಎಂಬುದನ್ನು ಮೊದಲು ಮನೆಯವರಿಗೆ ತಿಳಿಸಿ. ನಿಮ್ಮದು ಕಲೇಜಿಯನ್ ಎಂಬ ಗಂಟಿನಂತೆ ತೋರುತ್ತದೆ. ಕಣ್ಣೀರು ಬೇಗ ಆರದಂತೆ ಜಿಡ್ಡು ಸ್ರವಿಸುವ ಮೈಬೋಮಿಯನ್ ಗ್ರಂಥಿಗಳು ರೆಪ್ಪೆಯೊಳಗೆ ಸಾಲಾಗಿದ್ದು, ಅವುಗಳಲ್ಲಿ ಒಂದರ ಬಾಯಿ ಕಟ್ಟಿಕೊಂಡಾಗ ಒಳಗುಳಿದ ಜಿಡ್ಡು ಸುತ್ತಲೂ ಸೋರಿ ಉರಿಯೂತವೆದ್ದು ಗಂಟಾಗುತ್ತದೆ. ಕಣ್ಣುಕುಟಿಕೆ ಕೀವಿನ ಸೋಂಕು, ಇದು ಹಾಗಲ್ಲವಾದ್ದರಿಂದ ಆಂಟಿಬಯಾಟಿಕ್‌ಗಿಂತ ಉರಿಯೂತ ತಗ್ಗಿಸುವ ಟ್ರಯಾಮ್ಸಿನೊಲೋನ್ ಎಂಬ ಸ್ಟೆರಾಯ್ಡ್ ಇದಕ್ಕೆ ಹೊಂದುತ್ತದೆ.

ಕಣ್ಣೀರು ಮೂಗಿಗಿಳಿಯುವ ಸಣ್ಣ ನಾಳ ನೀವು ಹೇಳಿದ ಜಾಗದ ಹತ್ತಿರವೇ ಇದೆ. ಕೊಯ್ದು ಕೆರೆದು ತೆಗೆಯುವಾಗ ಅದಕ್ಕೆ ಪೆಟ್ಟಾಗಬಹುದಾದ್ದರಿಂದ ನಿಮ್ಮ ಡಾಕ್ಟರ ಆಯ್ಕೆ ನನಗೆ ಸರಿಯೆನಿಸುತ್ತದೆ. ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಯನ್ನು ಮಗುಚಿ, ಹಾಲಿನಂತೆ ಬೆಳ್ಳಗಿರುವ ಔಷಧವನ್ನು ತೆಳುಸೂಜಿಯಿಂದ 0.1ರಿಂದ 0.2 ಮಿಲಿಲೀಟರ್, ಅಂದರೆ ಕೆಲವೇ ಹನಿಗಳಷ್ಟು, ಗಂಟಿಗೆ ಕೊಡುತ್ತಾರೆ. ಒಂದೆರಡು ವಾರಗಳಲ್ಲಿ ಗಂಟು ಕುಗ್ಗತೊಡಗುತ್ತದೆ. ಪೂರ್ತಿ ಕರಗದಿದ್ದರೆ ಎರಡನೆಯದು ಬೇಕಾಗಬಹುದು.

ಹೊರಚರ್ಮದ ಮೂಲಕ ಕೊಟ್ಟರೆ ನಮ್ಮಂತಹ ಕಂದು ಮೈಬಣ್ಣದವರಲ್ಲಿ ಆ ಜಾಗ ಬೆಳ್ಳಗಾಗಿ ತಿಂಗಳುಗಟ್ಟಲೆ ಹಾಗೇ ಉಳಿಯುವುದುಂಟು. ಆದ್ದರಿಂದ ರೆಪ್ಪೆಯ ಒಳಮೈಯಿಂದ ಕೊಡಲಾದೀತೇ ಎಂದು ಸಂಕೋಚವಿಲ್ಲದೆ ಕೇಳಿ. ಔಷಧ ರಕ್ತನಾಳ ಸೇರಿ ದೃಷ್ಟಿಗೆ ಕುಂದಾದದ್ದು ತೀರಾ ಅಪರೂಪವಾದರೂ ವರದಿಯಾಗಿರುವುದರಿಂದ ಇದನ್ನು ಕಣ್ಣಿನ ತಜ್ಞರೇ ಕೊಡಬೇಕು. ಸ್ಟೆರಾಯ್ಡ್‌ನಿಂದ ಕಣ್ಣೊಳಗಿನ ಒತ್ತಡ ಏರಬಹುದಾದ್ದರಿಂದ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ (ಸಾಮಾನ್ಯವಾಗಿ ಆ ಒತ್ತಡದಿಂದ ದೃಷ್ಟಿನರ ಹಾಳಾಗುವ ಕಾಯಿಲೆ) ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಇಷ್ಟು ಕಡಿಮೆ ಔಷಧದಿಂದ ಸಕ್ಕರೆ ಬಹಳ ಏರುವ ಸಂಭವ ಕಡಿಮೆ, ಆದರೂ ಕೆಲವು ದಿನ ಪರೀಕ್ಷಿಸಿಕೊಳ್ಳಿ.

ಆದರೆ ಕರಗಿದ ಗಂಟು ಅದೇ ಜಾಗದಲ್ಲಿ ಮತ್ತೆ ಎದ್ದರೆ, ಇಲ್ಲವೇ ಅಲ್ಲಿನ ರೆಪ್ಪೆಗೂದಲು ಉದುರತೊಡಗಿದರೆ, ಪರೀಕ್ಷೆಯಿಲ್ಲದೆ ಇನ್ನೊಂದು ಇಂಜೆಕ್ಷನ್‌ಗೆ ದಯವಿಟ್ಟು ಒಪ್ಪಬೇಡಿ. ರೆಪ್ಪೆಯ ಎಣ್ಣೆಗ್ರಂಥಿಯ ಕ್ಯಾನ್ಸರ್ ಕೆಲವೊಮ್ಮೆ ಕಲೇಜಿಯನ್‌ನಂತೆಯೇ ಕಾಣುತ್ತದೆ. ಆಗ ಗಂಟಿನ ಚೂರು ತೆಗೆದು ಬಯಾಪ್ಸಿ ಮಾಡಿಸಬೇಕು. ಅದಕ್ಕೆ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ವಿಚಾರಿಸಬಹುದು.