ಎಲ್‌ಇಡಿ ಟಿವಿಯಲ್ಲಿ ಧ್ವನಿ ಬರುತ್ತದೆ, ಪರದೆ ಕಪ್ಪು. ಪ್ಯಾನೆಲ್ ಹೋಗಿದೆಯಾ?
ಹಾಗೇ ಇರಬೇಕೆಂದಿಲ್ಲ. ಮೊದಲು ಟಾರ್ಚ್ ಪರೀಕ್ಷೆ ಮಾಡಿ ನೋಡಿ. ಕೋಣೆ ಕತ್ತಲು ಮಾಡಿ, ಟಿವಿ ಆನ್ ಇಟ್ಟು, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರದಿಂದ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಓಡಾಡುವುದು ಕಂಡರೆ ಪ್ಯಾನೆಲ್ ಚೆನ್ನಾಗಿಯೇ ಇದೆ, ಹೋಗಿರುವುದು ಬ್ಯಾಕ್‌ಲೈಟ್.

ಕಾರಣ ಸರಳ. ಎಲ್‌ಇಡಿ ಟಿವಿಯಲ್ಲೂ ಚಿತ್ರ ಮೂಡಿಸುವುದು ಎಲ್‌ಸಿಡಿ ಪ್ಯಾನೆಲ್ಲೇ. ಅದು ತಾನಾಗಿ ಬೆಳಕು ಕೊಡುವುದಿಲ್ಲ, ಹಿಂದಿರುವ ಎಲ್‌ಇಡಿ ಪಟ್ಟಿಗಳು, ಅಂದರೆ ಬ್ಯಾಕ್‌ಲೈಟ್, ಕೊಡುತ್ತವೆ. ಅವು ಸೀರಿಯಲ್ ಸೆಟ್ಟಿನಂತೆ ಸಾಲಾಗಿ ಜೋಡಿಸಿರುವಂಥವು. ಒಂದು ಎಲ್‌ಇಡಿ ಸುಟ್ಟರೂ ಆ ಸಾಲು ಪೂರ್ತಿ ಆರಬಹುದು. ಆನ್ ಮಾಡಿದ ಕೂಡಲೇ ಚಿತ್ರ ಮಿಂಚಿ ಮಾಯವಾಗುತ್ತದೆ ಅಲ್ವಾ? ಅದೂ ಸಾಮಾನ್ಯವಾಗಿ ಇದೇ ತೊಂದರೆ. ಪಟ್ಟಿ ಬದಲಿಸುವ ಖರ್ಚು ಹೊಸ ಪ್ಯಾನೆಲ್‌ಗಿಂತ ತುಂಬಾ ಕಡಿಮೆ. ಮೆಕ್ಯಾನಿಕ್ ಸುಮ್ನೆ ‘ಪ್ಯಾನೆಲ್ ಹೋಗಿದೆ’ ಎಂದರೆ ಈ ಪರೀಕ್ಷೆಯನ್ನು ಅವರ ಮುಂದೆಯೇ ಮಾಡಿ ತೋರಿಸಿ. ಆದರೆ ಓಎಲ್‌ಇಡಿ ಟಿವಿಗೆ ಇದು ನಡೆಯುವುದಿಲ್ಲ, ಅದಕ್ಕೆ ಬ್ಯಾಕ್‌ಲೈಟೇ ಇಲ್ಲ.

ಪರದೆ ಬೆಳಗುತ್ತಿದ್ದು ಚಿತ್ರ ಮಾತ್ರ ಇಲ್ಲವೆಂದರೆ ಪ್ಯಾನೆಲ್‌ಗೆ ಚಿತ್ರದ ಸಂಕೇತ ಕಳಿಸುವ ಟಿ-ಕಾನ್ ಬೋರ್ಡು, ಅದರ ರಿಬ್ಬನ್ ಕೇಬಲ್ ಅಥವಾ ಪ್ಯಾನೆಲ್ ಮೇಲೆ ಅನುಮಾನ.

ಪರದೆ ಮೇಲೆ ಗೆರೆ ಬಂದಿದ್ದರೆ ಟಿವಿಯ ಸೆಟ್ಟಿಂಗ್ಸ್ ಮೆನು ತೆರೆಯಿರಿ. ಮೆನುವಿನ ಮೇಲೂ ಗೆರೆ ಹಾದುಹೋದರೆ ತೊಂದರೆ ಟಿವಿಯೊಳಗೇ ಇದೆ. ಮೆನು ಶುಭ್ರವಾಗಿದ್ದರೆ ಸೆಟ್ ಟಾಪ್ ಬಾಕ್ಸ್ ಅಥವಾ ಎಚ್‌ಡಿಎಂಐ ಕೇಬಲ್ ಬದಲಿಸಿ ನೋಡಿ. ಒಂದೇ ಒಂದು ಉದ್ದ ಗೆರೆ ಸದಾ ಅಲ್ಲೇ ನಿಂತಿದ್ದರೆ ಹೆಚ್ಚಾಗಿ ಪ್ಯಾನೆಲ್ಲಿನದೇ ದೋಷ, ರಿಪೇರಿಗೆ ದುಡ್ಡು ಸುರಿಯಬೇಡಿ.

ಹಿಂಬದಿ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಪವರ್ ಬೋರ್ಡಿನ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು.