ತಳದಲ್ಲಿ ಗಸಿ ಕಂಡರೆ ಹಳೇ ವೈನ್ ಕೆಟ್ಟಿದೆ ಅಂತಲೇ?

ನಿಮ್ಮ ಭಾವ ಕೊಟ್ಟ 2005ರ ಶಾತೋ ದ ಬೋಕಾಸ್ತೆಲ್ (ಫ್ರಾನ್ಸಿನ ಒಂದು ದ್ರಾಕ್ಷಿತೋಟ) ಕೆಂಪು ವೈನ್ ಬಾಟಲಿಯ ತಳದಲ್ಲಿ ಕಪ್ಪು ಗಸಿ ಇದೆ, ಚೆಲ್ಲಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಚೆಲ್ಲಬೇಡಿ! ವೈನಿನ ಬಣ್ಣವೂ ಒಗರೂ ವರ್ಷಗಟ್ಟಲೆ ಒಂದಕ್ಕೊಂದು ಅಂಟಿಕೊಂಡು ತಳ ಸೇರಿದ್ದು ಅದು. ಇಷ್ಟು ಹಳೇ ಕೆಂಪು ವೈನಿನಲ್ಲಿ ಗಸಿ ಇಲ್ಲದಿದ್ದರೇ ನನಗೆ ಅನುಮಾನ.

ನಿಮಗೆ ನಿಜವಾಗಿ ಗಾಬರಿಯಾಗೋದು ಕಾರ್ಕ್ ತೆಗೆದ ಮೇಲೆ. ಫ್ರಾನ್ಸಿನ ಲಿಯೋನ್‌ನಲ್ಲಿ ಕೆಲಸಕ್ಕಿದ್ದಾಗ ನಾವು ಇದೇ ತೋಟದ 1998ರ ಬಾಟಲಿ ತೆಗೆದಿದ್ದೆವು. ಮೊದಲು ಮೂಗಿಗೆ ಬಡಿದದ್ದು ತೊಗಲಿನ ವಾಸನೆ, ಹಿಂದೆಯೇ ಕೊಟ್ಟಿಗೆಯ ಒದ್ದೆ ಹುಲ್ಲು. ಹೋಯ್ತು ದುಡ್ಡು ಅಂದುಕೊಂಡು ಲೋಟ ಪಕ್ಕಕ್ಕಿಟ್ಟೆ. ಮುಕ್ಕಾಲು ಗಂಟೆ ಬಿಟ್ಟು ಮೂಸಿದರೆ ಒಣ ಅಂಜೂರ, ಕರಿಮೆಣಸು! ಒಗರೆಲ್ಲ ಕರಗಿ ನಾಲಿಗೆ ಮೇಲೆ ನುಣ್ಣಗೆ ಜಾರುತ್ತಿತ್ತು.

ಆ ತೊಗಲಿನ ವಾಸನೆ ಮುರ್ವೆದ್ರ್ ಅನ್ನೋ ದ್ರಾಕ್ಷಿಯ ಹುಟ್ಟುಗುಣ. ಈ ತೋಟ ಇರೋ ಊರು ಶಾತೋನೆಫ್-ದ್ಯು-ಪಾಪ್, ಅಂದರೆ ಪೋಪರ ಹೊಸಕೋಟೆ (ನಮ್ಮ ಹೊಸಕೋಟೆ ನೆನಪಾಗದೆ ಇರಲ್ಲ). 14ನೇ ಶತಮಾನದಲ್ಲಿ ಪೋಪರು ಪಕ್ಕದ ಅವಿನ್ಯೋನಿನಲ್ಲಿ ನೆಲೆಸಿದ್ದರು. ಆ ಊರಲ್ಲಿ ಹೆಚ್ಚಿನವರು ನೆಚ್ಚಿಕೊಂಡಿರೋದು ಗ್ರೆನಾಶ್ ದ್ರಾಕ್ಷಿಯನ್ನ. ಅದು ಸಿಹಿ, ಧಾರಾಳಿ, ಆದರೆ ಅದರ ವೈನ್ ಗಾಳಿ ತಾಗಿದರೆ ಬೇಗ ಸೋಲುತ್ತೆ. ಮುರ್ವೆದ್ರ್ ಗಾಳಿಗೆ ಜಗ್ಗಲ್ಲ. ಬೋಕಾಸ್ತೆಲ್ ನಡೆಸುವ ಪೆರಾಂ ಮನೆತನದವರು ಎರಡನ್ನೂ ನೂರಕ್ಕೆ ಸುಮಾರು 30 ಪಾಲಿನಂತೆ ಹಾಕಿ, ಉಳಿದದ್ದಕ್ಕೆ ಸಿರಾ, ಕುನ್ವಾಸ್ ಮುಂತಾದ ತಳಿಗಳನ್ನ ಸೇರಿಸ್ತಾರೆ. ಊರಿನ ಸಾಂಪ್ರದಾಯಿಕ 13 ತಳಿಗಳನ್ನೂ ಬೆಳೀತಾರೆ. ಕೆಂಪು ವೈನಿಗೆ ಒಂದಿಷ್ಟು ಬಿಳಿ ದ್ರಾಕ್ಷಿಯೂ ಬೀಳುತ್ತೆ!

ಇನ್ನೊಂದು ಅವರದೇ ವರಸೆ. ಬಿಡಿಸಿದ ದ್ರಾಕ್ಷಿಯನ್ನ ಕ್ಷಣಕಾಲ 80 ಡಿಗ್ರಿಗೆ ಕಾಯಿಸಿ, ತಕ್ಷಣ ತಣಿಸಿ, ಆಮೇಲೆ ಹುಳಿಯಲು ಬಿಡೋದು. ಸಿಪ್ಪೆಯ ಬಣ್ಣವೂ ಇಳಿಯುತ್ತೆ, ವೈನನ್ನ ಬೇಗ ಮುದಿಯಾಗಿಸೋ ಕಿಣ್ವಗಳೂ ಸಾಯ್ತವೆ. ತೋಟದ ನೆಲವೋ, ಮೂಸಂಬಿ ಗಾತ್ರದ ಉರುಟು ಬೆಣಚುಕಲ್ಲು. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬಳ್ಳಿಯ ಬುಡ ಬೆಚ್ಚಗಿಡ್ತವೆ.

ಈಗ ನಿಮ್ಮ ಬಾಟಲಿ. ಇಷ್ಟು ದಿನ ಬೀರುವಿನಲ್ಲಿದ್ದರೆ ಇನ್ನು ಕಾಯಬೇಡಿ, ನಮ್ಮೂರ ಸೆಕೆ ಅದಕ್ಕೆ ಆಗಲ್ಲ. ಎರಡು ದಿನ ನೆಟ್ಟಗೆ ನಿಲ್ಲಿಸಿ, ಗಸಿ ಇಳಿಯಲಿ. ತೆಗೆಯೋ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಹಳೇ ಕಾರ್ಕ್ ಪುಡಿಯಾದರೆ ಟೀ ಸೋಸೋ ಜಾಲರಿ ಇದ್ದೇ ಇದೆ. ಬಾಟಲಿ ಕತ್ತಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ಗಂಜಿ ಬಸಿಯೋ ಹಾಗೆ ಮೆಲ್ಲಗೆ ಜಗ್ಗಿಗೆ ಬಸಿಯಿರಿ. ಕಪ್ಪು ಗೆರೆ ಕತ್ತಿನ ಹತ್ತಿರ ಬಂತು ಅಂದರೆ ನಿಲ್ಲಿಸಿ. ಜೊತೆಗೆ ಕರಿಮೆಣಸು ಹಾಕಿದ ಮಟನ್ ಚೆನ್ನಾಗಿರುತ್ತೆ, ಆದರೆ ಹಸಿಮೆಣಸಿನಕಾಯಿ ಮಾತ್ರ ಬೇಡ.